200 ಚಿನ್ನದ ನಾಣ್ಯ ಸುರಿದು ಗ್ಲಿಫ್ ಬರೆಯುವುದು ಯಾವಾಗ ಲಾಭ?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುವವರಲ್ಲಿ ಹೆಚ್ಚಿನವರು ಗ್ಲಿಫ್ ಆಫ್ ವಾರ್ಡಿಂಗ್ (ಒಂದು ಕಡೆ ಬರೆದಿಟ್ಟು, ಬಂದವರ ಮೇಲೆ ಎದ್ದೇಳುವ ಮಂತ್ರದ ಗುರುತು) ಎಂಬ ಸ್ಪೆಲ್, ಅಂದರೆ ಮಂತ್ರವನ್ನು ಒಂದು ಸಲ ಓದುತ್ತಾರೆ, ಬೆಲೆ ನೋಡುತ್ತಾರೆ, ಮುಂದಿನದಕ್ಕೆ ಹೋಗುತ್ತಾರೆ. ಬರೆಯಲು 200 ಚಿನ್ನದ ನಾಣ್ಯ ಬೆಲೆಯ ವಜ್ರದ ಪುಡಿ ಬೇಕು. ಒಂದು ಗಂಟೆ ಕೂರಬೇಕು. ಯಾರೋ ಬಂದು ತುಳಿದರೆ ಅಲ್ಲಿಗೆ ಮುಗಿಯಿತು, ಎರಡನೇ ಸಲ ಕೆಲಸ ಮಾಡುವುದಿಲ್ಲ. ಬೆಂಕಿ ಸಿಡಿಸುವ ಫೈರ್‌ಬಾಲ್ ಸ್ಪೆಲ್ ದುಡ್ಡಿಲ್ಲದೆ ಆರೇ ಸೆಕೆಂಡಿನಲ್ಲಿ ಸಿಗುವಾಗ ಇದು ಯಾಕೆ ಬೇಕು ಅನ್ನಿಸುವುದು ಸಹಜ. ಆದರೂ ನಾನು ಇದರ ಪರವಾಗಿಯೇ ಮಾತಾಡುತ್ತೇನೆ. ಇದನ್ನು ನೆಲದಲ್ಲಿ ಹೂತಿಟ್ಟ ಬಾಂಬ್ ಅಂತ ನೋಡಿದರೆ ಖಂಡಿತ ನಷ್ಟದ ವ್ಯಾಪಾರ. ಖಾಲಿ ಕೂತ ದಿನದ ಶಕ್ತಿಯನ್ನು ಹೋರಾಟದ ದಿನಕ್ಕೆ ಎತ್ತಿಡುವ ದಾರಿ ಅಂತ ನೋಡಿದರೆ ಲೆಕ್ಕವೇ ಬೇರೆ.

ಆಟ ಹೊಸದಾದವರಿಗೆ ಎರಡು ಮಾತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಈ ಆಟ 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಕೆಲವರು ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸುತ್ತಾರೆ. ಡಿಎಂ (ಡಂಜನ್ ಮಾಸ್ಟರ್) ಎನ್ನುವವರು ಕತೆಯ ಜಗತ್ತನ್ನು ನಡೆಸುತ್ತಾರೆ. ಏನಾಗುತ್ತದೆ ಅನ್ನುವುದನ್ನು ದಾಳ ತೀರ್ಮಾನಿಸುತ್ತದೆ. ನಾನು ಇಲ್ಲಿ ಹೇಳುವುದು 2014ರಲ್ಲಿ ಬಂದ ಐದನೇ ಆವೃತ್ತಿಯ ನಿಯಮಗಳನ್ನು ಇಟ್ಟುಕೊಂಡು. 2024ರ ಪರಿಷ್ಕರಣೆಯಲ್ಲೂ ಈ ಸ್ಪೆಲ್‌ನ ಬೆಲೆ ಮತ್ತು ತಿರುಳು ಹಾಗೇ ಉಳಿದಿವೆ. ಮಂತ್ರ ಬಲ್ಲ ಪಾತ್ರಗಳಿಗೆ ದಿನಕ್ಕೆ ಇಷ್ಟು ಅಂತ ಸ್ಪೆಲ್ ಸ್ಲಾಟ್ ಇರುತ್ತವೆ. ಬಳಸಿದರೆ ಖಾಲಿ, ರಾತ್ರಿ ನಿದ್ದೆ ಮಾಡಿ ಎದ್ದರೆ ಮತ್ತೆ ಭರ್ತಿ. ಬಳಸದೆ ಉಳಿದ ಸ್ಲಾಟ್ ನಾಳೆಗೆ ಸೇರುವುದಿಲ್ಲ, ಸುಮ್ನೆ ವ್ಯರ್ಥ. ಈ ಕೊನೆಯ ವಾಕ್ಯ ನೆನಪಿರಲಿ, ಇಡೀ ಲೇಖನ ಅದರ ಮೇಲೆಯೇ ನಿಂತಿದೆ.

ಈಗ ಗ್ಲಿಫ್ ಹೇಗೆ ಕೆಲಸ ಮಾಡುತ್ತದೆ ನೋಡೋಣ. ನೆಲ, ಗೋಡೆ, ಮೇಜಿನಂಥ ಮೇಲ್ಮೈ ಮೇಲೆ ಬರೆಯಬಹುದು. ಇಲ್ಲವೇ ಪುಸ್ತಕ, ಸುರುಳಿ, ಪೆಟ್ಟಿಗೆಯಂಥ ಮುಚ್ಚಿ ತೆರೆಯುವ ವಸ್ತುವಿನ ಒಳಗೆ ಬರೆಯಬಹುದು. ಅಗಲ 10 ಅಡಿ ದಾಟಬಾರದು. ಬರೆದ ಮೇಲೆ ಕಣ್ಣಿಗೆ ಬಹುತೇಕ ಕಾಣುವುದಿಲ್ಲ. ಯಾರು ಏನು ಮಾಡಿದರೆ ಅದು ಎದ್ದೇಳಬೇಕು ಎಂದು ಬರೆಯುವವರೇ ನಿರ್ಧರಿಸುತ್ತಾರೆ: ಮುಟ್ಟಿದರೆ, ಮೇಲೆ ನಿಂತರೆ, ಇಷ್ಟು ಅಡಿ ಹತ್ತಿರ ಬಂದರೆ, ಮುಚ್ಚಳ ತೆಗೆದರೆ. ಯಾರಾದರೂ ಎಬ್ಬಿಸುವವರೆಗೆ ಅಥವಾ ಮಂತ್ರದಿಂದಲೇ ಅಳಿಸುವವರೆಗೆ ಅದು ಹಾಗೇ ಇರುತ್ತದೆ. ಒಂದು ವಾರವೂ ಆಗಬಹುದು, ಸಾವಿರ ವರ್ಷವೂ ಆಗಬಹುದು. ಪುರಾತನ ಗೋರಿಗಳಲ್ಲಿ ಕಬ್ಬಿಣದ ಬಲೆಗಳು ತುಕ್ಕು ಹಿಡಿದು ಉದುರಿ ಹೋಗಿದ್ದರೂ ಮಂತ್ರದ ಬಲೆಗಳು ಹೊಸದರಂತೆ ಕೆಲಸ ಮಾಡುವುದು ಇದರಿಂದಲೇ.

ಎದ್ದಾಗ ಏನಾಗಬೇಕು ಅನ್ನುವುದಕ್ಕೆ ಎರಡು ಆಯ್ಕೆ. ಒಂದು, ಎಕ್ಸ್‌ಪ್ಲೋಸಿವ್ ರೂನ್ಸ್. ಸುತ್ತ 20 ಅಡಿಯ ಒಳಗೆ ಬೆಂಕಿ, ಮಂಜು, ಮಿಂಚು, ಆಸಿಡ್ ಅಥವಾ ಗುಡುಗು, ನೀವು ಆರಿಸಿಕೊಂಡದ್ದು ಸಿಡಿಯುತ್ತದೆ. ಎರಡು, ಸ್ಪೆಲ್ ಗ್ಲಿಫ್. ನೀವು ಸಿದ್ಧ ಮಾಡಿಕೊಂಡಿರುವ, ಮೂರನೇ ಹಂತದವರೆಗಿನ (ಹಂತ ಅಂದರೆ ಸ್ಪೆಲ್‌ನ ಬಲದ ದರ್ಜೆ, ಸ್ಲಾಟ್‌ಗಳಿಗೂ ಇದೇ ದರ್ಜೆ) ಇನ್ನೊಂದು ಸ್ಪೆಲ್ ಅನ್ನು ಒಳಗೆ ತುಂಬಿಡಬಹುದು. ಆ ಸ್ಪೆಲ್ ಒಬ್ಬರ ಮೇಲೆ ಬೀಳುವಂಥದ್ದಾಗಿರಬೇಕು, ಇಲ್ಲವೇ ಒಂದು ಜಾಗವನ್ನು ಆವರಿಸುವಂಥದ್ದಾಗಿರಬೇಕು. ಗ್ಲಿಫ್ ಎದ್ದಾಗ ಅದನ್ನು ಎಬ್ಬಿಸಿದವರ ಮೇಲೆಯೇ ಆ ಸ್ಪೆಲ್ ಬೀಳುತ್ತದೆ.

ಬೆಲೆ ನಿಜಕ್ಕೂ ಎಷ್ಟು

200 ಚಿನ್ನ ಅಂದರೆ ಆಟದ ಜಗತ್ತಿನಲ್ಲಿ ಎಷ್ಟು ದುಡ್ಡು? ನಿಯಮ ಪುಸ್ತಕದ ಪ್ರಕಾರ ಕೂಲಿಯಾಳಿನ ದಿನಗೂಲಿ ಎರಡು ಬೆಳ್ಳಿ. ಹತ್ತು ಬೆಳ್ಳಿಗೆ ಒಂದು ಚಿನ್ನ. ಹಾಗಾದರೆ ಒಂದು ಗ್ಲಿಫ್ ಒಬ್ಬ ಕೂಲಿಯ 1000 ದಿನದ ದುಡಿಮೆ. ಕಸುಬು ಬಲ್ಲವರಿಗೆ ದಿನಕ್ಕೆ ಎರಡು ಚಿನ್ನ, ಅವರಿಗೂ 100 ದಿನ ಬೇಕು. ಹೀಗಾಗಿ ಊರಿನ ಅಂಗಡಿಯವನ ಬಾಗಿಲಿಗೆ ಗ್ಲಿಫ್ ಇರುವುದಿಲ್ಲ. ದೇವಾಲಯದ ಭಂಡಾರ, ಅರಮನೆಯ ದಾಖಲೆ ಕೋಣೆ, ಸತ್ತ ಮೇಲೂ ಯಾರೂ ಮುಟ್ಟಬಾರದು ಎಂದುಕೊಂಡ ದೊಡ್ಡವರ ಸಮಾಧಿ, ಇಂಥ ಕಡೆ ಮಾತ್ರ.

ಸಾಹಸಿಗಳ ಮಟ್ಟಿಗೆ ದುಡ್ಡಿಗಿಂತ ವಜ್ರವೇ ದೊಡ್ಡ ಸಮಸ್ಯೆ. ಸತ್ತು ಒಂದು ನಿಮಿಷ ಮೀರದ ಗೆಳೆಯನನ್ನು ಬದುಕಿಸುವ ರಿವಿವಿಫೈಗೆ 300 ಚಿನ್ನದ ವಜ್ರ ಬೇಕು. ರೈಸ್ ಡೆಡ್‌ಗೆ 500 ಚಿನ್ನದ ವಜ್ರ. ಇವೆರಡೂ ಕ್ಲೆರಿಕ್ (ದೇವರ ಸೇವೆಯ ಮಂತ್ರವಾದಿ ಪಾತ್ರ) ಕೈಯಲ್ಲಿ ಇರುವವು, ಗ್ಲಿಫ್ ಕೂಡ ಅವರ ಕೈಯಲ್ಲೇ ಇದೆ. ಡಿಎಂ ವಜ್ರವನ್ನು ಅಪರೂಪದ ಸರಕಾಗಿ ಮಾಡಿದ್ದರೆ ಇಂದು ಪುಡಿ ಮಾಡಿದ ಕಲ್ಲು ನಾಳೆ ಯಾರದೋ ಪ್ರಾಣಕ್ಕೆ ಬೇಕಾಗಬಹುದು. ನನ್ನ ಸಲಹೆ ಕಟ್ಟುನಿಟ್ಟಾಗಿದೆ: ಚೀಲದಲ್ಲಿ ಒಂದು ರಿವಿವಿಫೈಗೆ ಆಗುವಷ್ಟು ವಜ್ರ ಎತ್ತಿಟ್ಟ ಮೇಲೆಯೇ ಗ್ಲಿಫ್‌ನ ಯೋಚನೆ.

ಇನ್ನು ಸಿಡಿತದ ಲೆಕ್ಕ. ಎಕ್ಸ್‌ಪ್ಲೋಸಿವ್ ರೂನ್ಸ್‌ಗೆ ಎಂಟು ಮುಖದ ಐದು ದಾಳ, ಸರಾಸರಿ 22.5 ಪೆಟ್ಟು. ಫೈರ್‌ಬಾಲ್‌ಗೆ ಆರು ಮುಖದ ಎಂಟು ದಾಳ, ಸರಾಸರಿ 28. ಎರಡೂ ಮೂರನೇ ಹಂತದವು, ಎರಡರ ವ್ಯಾಪ್ತಿಯೂ 20 ಅಡಿ. ಸಿಕ್ಕಿಕೊಂಡವರು ಸೇವ್ (ತಪ್ಪಿಸಿಕೊಳ್ಳಲು ಉರುಳಿಸುವ ದಾಳ) ಗೆದ್ದರೆ ಎರಡರಲ್ಲೂ ಅರ್ಧ ಪೆಟ್ಟು. ಅಂದರೆ ದುಡ್ಡು ಕೊಟ್ಟು ಕಡಿಮೆ ಪೆಟ್ಟು ಕೊಂಡ ಹಾಗಾಯಿತು. ಸಾಲು ಸಾಲಾಗಿ ಐದು ಬರೆದು ಒಟ್ಟಿಗೆ ಎಬ್ಬಿಸಿದರೆ ಸರಾಸರಿ 112 ದಾಟುತ್ತದೆ, ನಿಜ. ಆದರೆ ಅದಕ್ಕೆ 1000 ಚಿನ್ನ ಬೇಕು. ಇನ್ನೊಂದು 500 ಸೇರಿಸಿದರೆ ನಿಮ್ಮ ಗುಂಪಿನ ಫೈಟರ್‌ಗೆ, ಅಂದರೆ ಆಯುಧ ಹಿಡಿದು ಹೋರಾಡುವ ಪಾತ್ರಕ್ಕೆ, ಪ್ಲೇಟ್ ಕವಚ ಬರುತ್ತದೆ, ಅದು ಪ್ರತಿ ಹೋರಾಟದಲ್ಲೂ ಕೆಲಸ ಮಾಡುತ್ತದೆ. ಸಿಡಿತಕ್ಕಾಗಿಯೇ ಗ್ಲಿಫ್ ಬರೆಯಬೇಡಿ.

ಗಾಯ ಮಾಯಿಸುವ ಕ್ಯೂರ್ ವೂಂಡ್ಸ್ ತುಂಬಿಡುವ ಯೋಚನೆಯೂ ಹಲವರಿಗೆ ಬರುತ್ತದೆ. ಅದೂ ಗಿಟ್ಟುವುದಿಲ್ಲ. ಮೂರನೇ ಹಂತದ ಸ್ಲಾಟ್ ಹಾಕಿದರೂ ಅದು ವಾಪಸ್ ಕೊಡುವುದು 17ರ ಆಸುಪಾಸು. ಅದೇ 200 ಚಿನ್ನಕ್ಕೆ ನಾಲ್ಕು ಹೀಲಿಂಗ್ ಪೋಶನ್ ಸಿಗುತ್ತವೆ, ಒಂದೊಂದರಿಂದ ಸರಾಸರಿ ಏಳು, ಒಟ್ಟು 28. ಜೇಬಿನಲ್ಲಿಟ್ಟು ಓಡಾಡಲೂಬಹುದು.

ಭಂಡಾರದ ಬಾಗಿಲು

ಹಾಗಾದರೆ ಒಳಗೆ ಏನು ತುಂಬಬೇಕು? ಒಂದು ಉದಾಹರಣೆಯನ್ನು ಪೂರ್ತಿ ಕಟ್ಟಿ ನೋಡೋಣ. ನಿಮ್ಮ ಗುಂಪಿಗೆ ದೇವಾಲಯದ ಭಂಡಾರ ಕಾಯುವ ಕೆಲಸ ಬಂದಿದೆ. ಗುಂಪಿನಲ್ಲಿ ಐದನೇ ಲೆವೆಲ್‌ನ ಕ್ಲೆರಿಕ್ ಒಬ್ಬರಿದ್ದಾರೆ (ಲೆವೆಲ್ ಅಂದರೆ ಪಾತ್ರ ಎಷ್ಟು ಪಳಗಿದೆ ಅನ್ನುವ ಅಳತೆ, ಸ್ಪೆಲ್‌ನ ಹಂತ ಬೇರೆ). ಕಳ್ಳ ಬರುತ್ತಾನೆ ಅಂತ ಗೊತ್ತು, ಯಾವತ್ತು ಅಂತ ಗೊತ್ತಿಲ್ಲ. ಅವನ ಕೈಯಲ್ಲಿ ಮಾಯವಾಗುವ ಮಂತ್ರ ಇರಬಹುದು.

ಮೊದಲ ಗ್ಲಿಫ್ ಹೊಸ್ತಿಲಿನ ಮೇಲೆ. ಒಳಗೆ ಡಿಸ್ಪೆಲ್ ಮ್ಯಾಜಿಕ್. ಇದನ್ನು ಜನ ಯಾಕೆ ಜಾಸ್ತಿ ಬಳಸುವುದಿಲ್ಲವೋ ನನಗೆ ಆಶ್ಚರ್ಯ. ಗ್ಲಿಫ್ ಏಳಲು ಬಂದವನು ಕಣ್ಣಿಗೆ ಕಾಣಬೇಕೆಂದೇನೂ ಇಲ್ಲ, ಹತ್ತಿರ ಬಂದರೆ ಸಾಕು. ಡಿಸ್ಪೆಲ್ ಮ್ಯಾಜಿಕ್ ಅವನ ಮೈಮೇಲಿರುವ ಮೂರನೇ ಹಂತದವರೆಗಿನ ಎಲ್ಲ ಸ್ಪೆಲ್‌ಗಳನ್ನೂ ಒಂದೇ ಸಲಕ್ಕೆ ಕಿತ್ತು ಹಾಕುತ್ತದೆ. ಇನ್ವಿಸಿಬಿಲಿಟಿ ಎರಡನೇ ಹಂತದ್ದು, ಹೋಯಿತು. ವೇಷ ಬದಲಿಸುವ ಡಿಸ್ಗೈಸ್ ಸೆಲ್ಫ್ ಮೊದಲ ಹಂತದ್ದು, ಅದೂ ಹೋಯಿತು. ಮೈಗೆ ಕಾಪಾಗುವ ಮೇಜ್ ಆರ್ಮರ್, ಹಾರಿಸುವ ಫ್ಲೈ, ಎಲ್ಲ ಹೋದವು. ಗ್ರೇಟರ್ ಇನ್ವಿಸಿಬಿಲಿಟಿ ನಾಲ್ಕನೇ ಹಂತದ್ದಾದ್ದರಿಂದ ಅದಕ್ಕೆ ಮಾತ್ರ ದಾಳ ಉರುಳಿಸಬೇಕು.

ಎರಡನೇ ಗ್ಲಿಫ್ ಇನ್ನೂ 15 ಅಡಿ ಒಳಗೆ. ಅದರಲ್ಲಿ ಹೋಲ್ಡ್ ಪರ್ಸನ್. ಈ ಕ್ರಮವೇ ಮುಖ್ಯ. ಹೋಲ್ಡ್ ಪರ್ಸನ್ ಹಾಕಲು ಎದುರಿಗಿರುವವರು ಕಾಣಬೇಕು ಎಂದು ಆ ಸ್ಪೆಲ್‌ನಲ್ಲೇ ಬರೆದಿದೆ. ಮಾಯವಾದವನ ಮೇಲೆ ಅದು ಬೀಳುತ್ತದೋ ಇಲ್ಲವೋ ಎಂದು ಡಿಎಂ ಜೊತೆ ವಾದ ಬೇಡ ಅಂದರೆ ಮೊದಲೇ ಅವನನ್ನು ಕಾಣುವ ಹಾಗೆ ಮಾಡಿಬಿಡಿ. ಸೇವ್ ತಪ್ಪಿದರೆ ಅವನು ನಿಂತಲ್ಲೇ ಮರಗಟ್ಟುತ್ತಾನೆ. ಪ್ರತಿ ಸರದಿಯ ಕೊನೆಗೆ ಬಿಡಿಸಿಕೊಳ್ಳಲು ಪ್ರಯತ್ನಿಸಬಹುದು, ಹೆಚ್ಚೆಂದರೆ ಒಂದು ನಿಮಿಷ. ಜೊತೆಗೆ ವಿಜರ್ಡ್ (ಓದಿ ಮಂತ್ರ ಕಲಿತ ಪಾತ್ರ) ಒಬ್ಬರಿದ್ದರೆ ಅವರು ಪ್ರತಿ ರಾತ್ರಿ ಅಲಾರ್ಮ್ ಹಾಕಿ ಮಲಗಲಿ. ಅದನ್ನು ರಿಚುವಲ್ ಆಗಿ, ಅಂದರೆ ನಿಧಾನವಾಗಿ ವಿಧಿಯಂತೆ ಮಾಡಿದರೆ ಸ್ಲಾಟ್ ಖರ್ಚಿಲ್ಲ, ಎಂಟು ಗಂಟೆ ಇರುತ್ತದೆ, ಒಂದು ಮೈಲಿ ದೂರದಲ್ಲಿದ್ದರೂ ನಿದ್ದೆಯಿಂದ ಎಬ್ಬಿಸುತ್ತದೆ. ಕಳ್ಳ ಜೀವಂತ ಸಿಕ್ಕ. ಯಾರು ಕಳಿಸಿದ್ದು ಅಂತ ಕೇಳಬಹುದು. ಸಿಡಿತದ ಗ್ಲಿಫ್ ಇದ್ದಿದ್ದರೆ ಸಿಗುತ್ತಿದ್ದದ್ದು ಸುಟ್ಟ ಹೆಣ, ಅದರ ಜೊತೆ ಸುಟ್ಟ ಭಂಡಾರ.

ಖರ್ಚು ನೋಡಿ. 400 ಚಿನ್ನ. ಸ್ಲಾಟ್‌ಗಳಲ್ಲಿ ಒಂದು ಸೂಕ್ಷ್ಮ ಇದೆ: ಗ್ಲಿಫ್‌ಗೆ ಒಂದು ಸ್ಲಾಟ್, ಒಳಗೆ ತುಂಬುವ ಸ್ಪೆಲ್‌ಗೆ ಇನ್ನೊಂದು. ಐದನೇ ಲೆವೆಲ್ ಕ್ಲೆರಿಕ್‌ಗೆ ಮೂರನೇ ಹಂತದ ಸ್ಲಾಟ್ ದಿನಕ್ಕೆ ಎರಡೇ. ಮೊದಲ ದಿನ ಹೊಸ್ತಿಲಿನ ಗ್ಲಿಫ್‌ಗೇ ಎರಡೂ ಮುಗಿದವು. ಮರುದಿನ ಎರಡನೇ ಗ್ಲಿಫ್‌ಗೆ ಮೂರನೇ ಹಂತದ್ದು ಒಂದು, ಹೋಲ್ಡ್ ಪರ್ಸನ್‌ಗೆ ಎರಡನೇ ಹಂತದ್ದು ಒಂದು. ಎರಡು ದಿನದ ಕೆಲಸ. ಆ ಎರಡು ದಿನ ಹೇಗೂ ಕಾಯುತ್ತಾ ಕೂರಬೇಕಿತ್ತು, ಅಲ್ವಾ? ಮೂರನೇ ದಿನ ಬೆಳಿಗ್ಗೆ ಕ್ಲೆರಿಕ್ ಪೂರ್ತಿ ಸ್ಲಾಟ್‌ಗಳೊಂದಿಗೆ ಎದ್ದಿದ್ದಾರೆ, ಬಾಗಿಲಲ್ಲಿ ಎರಡು ಸ್ಪೆಲ್ ಮೊದಲೇ ಕಾದು ಕೂತಿವೆ. ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟ ಹಾಗೆ.

ಹೋಲ್ಡ್ ಪರ್ಸನ್ ಬದಲು ಸೈಲೆನ್ಸ್ ಕೂಡ ಒಳ್ಳೆಯದು, ಬರುವವನು ಮಂತ್ರವಾದಿ ಎಂದು ಗೊತ್ತಿದ್ದರೆ. 20 ಅಡಿ ಸುತ್ತ ಹತ್ತು ನಿಮಿಷ ಸದ್ದೇ ಇರುವುದಿಲ್ಲ, ಬಾಯಿಬಿಟ್ಟು ಹೇಳಬೇಕಾದ ಯಾವ ಮಂತ್ರವೂ ಅಲ್ಲಿ ನಡೆಯುವುದಿಲ್ಲ. ಜಗಳಗಂಟರು ಬರುವ ಹೋಟೆಲಿನ ಬಾಗಿಲಿಗೆ ಸಿಟ್ಟು ಇಳಿಸುವ ಕಾಮ್ ಎಮೋಷನ್ಸ್, ವಿಚಾರಣೆಯ ಕಟಕಟೆಗೆ ಸುಳ್ಳು ಹೇಳಲು ಬಿಡದ ಝೋನ್ ಆಫ್ ಟ್ರೂತ್. ರಕ್ತ ಹರಿಸದ ಇಂಥ ಬಳಕೆಗಳಲ್ಲೇ ಆಟದ ಕತೆ ಬೆಳೆಯುತ್ತದೆ.

ಗೆಳೆಯರಿಗೇ ಗ್ಲಿಫ್

ಗ್ಲಿಫ್ ಶತ್ರುವಿಗೇ ಆಗಬೇಕು ಎಂದು ಎಲ್ಲೂ ಬರೆದಿಲ್ಲ. ಇಲ್ಲಿಂದಲೇ ಈ ಸ್ಪೆಲ್ ನಿಜವಾಗಿ ಜೋರಾಗುವುದು.

ಆಟದಲ್ಲಿ ಕಾನ್ಸಂಟ್ರೇಷನ್ ಎಂಬ ನಿಯಮವಿದೆ. ವೇಗ ಹೆಚ್ಚಿಸುವ ಹೇಸ್ಟ್‌ನಂಥ ಒಳ್ಳೊಳ್ಳೆಯ ಸ್ಪೆಲ್‌ಗಳನ್ನು ಹಾಕಿದವರು ಅದರ ಮೇಲೆ ಗಮನ ಇಟ್ಟಿರಬೇಕು. ಏಕಕಾಲಕ್ಕೆ ಒಂದೇ. ಅವರಿಗೆ ಪೆಟ್ಟು ಬಿದ್ದು ಸೇವ್ ತಪ್ಪಿದರೆ ಸ್ಪೆಲ್ ಒಡೆಯುತ್ತದೆ. ಹೇಸ್ಟ್ ಒಡೆದರೆ ಇನ್ನೂ ಕೆಟ್ಟದ್ದು, ಅದನ್ನು ಪಡೆದಿದ್ದ ಫೈಟರ್ ಒಂದು ಸರದಿ ಕೈಕಾಲು ಆಡಿಸಲಾಗದೆ ನಿಲ್ಲುತ್ತಾನೆ. ಆದರೆ ಗ್ಲಿಫ್‌ನಿಂದ ಬಂದ ಸ್ಪೆಲ್‌ಗೆ ಕಾನ್ಸಂಟ್ರೇಷನ್ ಬೇಕಿದ್ದರೆ ಅದು ಯಾರ ಗಮನವೂ ಇಲ್ಲದೆ ಪೂರ್ತಿ ಅವಧಿ ಇರುತ್ತದೆ. ನಿಯಮದಲ್ಲೇ ಇರುವ ಮಾತು ಇದು.

ಅರ್ಥ ಏನು ನೋಡಿ. ಸಾಮಾನ್ಯವಾಗಿ ವಿಜರ್ಡ್ ಒಬ್ಬರು ಒಬ್ಬನಿಗೆ ಹೇಸ್ಟ್ ಕೊಡಬಹುದು. ನಾಲ್ಕು ಗ್ಲಿಫ್ ಇದ್ದರೆ ನಾಲ್ವರಿಗೂ ಹೇಸ್ಟ್, ಒಂದು ನಿಮಿಷ, ಅಂದರೆ ಹತ್ತು ಸುತ್ತು. ಇಮ್ಮಡಿ ವೇಗ, ರಕ್ಷಣೆಗೆ ಎರಡು ಅಂಕ ಜಾಸ್ತಿ, ಪ್ರತಿ ಸರದಿಗೆ ಇನ್ನೊಂದು ಆಕ್ಷನ್. ವಿಜರ್ಡ್‌ಗೆ ಎಷ್ಟು ಹೊಡೆದರೂ ಅದು ಒಡೆಯುವುದಿಲ್ಲ. ವಿಜರ್ಡ್‌ನ ಸ್ವಂತ ಕಾನ್ಸಂಟ್ರೇಷನ್ ಬೇರೊಂದಕ್ಕೆ ಖಾಲಿ ಇದೆ. ಹೇಸ್ಟ್ ಮುಗಿದಾಗಿನ ಸುಸ್ತು ನಾಲ್ವರಿಗೂ ಒಟ್ಟಿಗೇ ಬರುತ್ತದೆ ಅನ್ನುವುದು ಮಾತ್ರ ಎಚ್ಚರಿಕೆಯಿಂದ ನೋಡಬೇಕಾದ್ದು, ಅಷ್ಟರೊಳಗೆ ಹೋರಾಟ ಮುಗಿದಿರಬೇಕು. 800 ಚಿನ್ನ, ಐದನೇ ಲೆವೆಲ್‌ನಲ್ಲಿ ನಾಲ್ಕು ದಿನದ ಎಲ್ಲ ದೊಡ್ಡ ಸ್ಲಾಟ್‌ಗಳು. ಇಡೀ ಕತೆಯ ಕೊನೆಯ ದೊಡ್ಡ ಕಾಳಗಕ್ಕೆ ಇದು ದುಬಾರಿ ಅಲ್ಲ.

ಗೆಳೆಯರ ದಾಳಕ್ಕೆ ಬಲ ಕೊಡುವ ಬ್ಲೆಸ್ ತುಂಬಿಡಲು ಹೋಗಬೇಡಿ. ಅದು ಒಂದೇ ಸಲಕ್ಕೆ ಮೂವರವರೆಗೆ ಹೋಗುವ ಸ್ಪೆಲ್, ಒಬ್ಬರದ್ದೂ ಅಲ್ಲ ಜಾಗದ್ದೂ ಅಲ್ಲ. ನಿಯಮದ ಪ್ರಕಾರ ಗ್ಲಿಫ್‌ಗೆ ಹೊಂದುವುದಿಲ್ಲ. ಕೆಲವು ಡಿಎಂಗಳು ಒಪ್ಪುತ್ತಾರೆ, ಮೊದಲೇ ಕೇಳಿಕೊಳ್ಳಿ.

ಇಷ್ಟೆಲ್ಲ ಕೇಳಿದ ಮೇಲೆ ಪುಸ್ತಕದ ಹಾಳೆಗಳಲ್ಲಿ ಹತ್ತು ಗ್ಲಿಫ್ ಬರೆದು ಬೆನ್ನಿಗೆ ಹಾಕಿಕೊಂಡು ಹೋಗಬಾರದೇಕೆ ಅನ್ನಿಸುತ್ತದೆ. ಆಗುವುದಿಲ್ಲ. ಗ್ಲಿಫ್ ಬರೆದ ವಸ್ತುವನ್ನು ಬರೆದ ಜಾಗದಿಂದ 10 ಅಡಿಗಿಂತ ಆಚೆ ಒಯ್ದರೆ ಗ್ಲಿಫ್ ಒಡೆಯುತ್ತದೆ, ಏನೂ ಸಿಡಿಯದೆ, ಏನೂ ಹೊರಬರದೆ. ವಜ್ರವೂ ಹೋಯಿತು, ಸ್ಲಾಟೂ ಹೋಯಿತು. ಈ ನಿಯಮ ಇಲ್ಲದಿದ್ದರೆ ಆಟ ಕೆಟ್ಟು ಹೋಗುತ್ತಿತ್ತು, ಇದು ಸರಿಯಾದ ಕಡಿವಾಣ. ಹೀಗಾಗಿ ಗ್ಲಿಫ್‌ಗೆ ಹೊಂದುವುದು ನಿಮಗೆ ಮೊದಲೇ ಗೊತ್ತಿರುವ ಜಾಗ: ನಿಮ್ಮದೇ ಕೋಟೆ, ಮುತ್ತಿಗೆಗೆ ಕಾಯುತ್ತಿರುವ ಊರಿನ ಹೆಬ್ಬಾಗಿಲು, ಶತ್ರುವಿನ ಗುಹೆಗೆ ಕೂಗಳತೆಯಲ್ಲಿ ಬಂಡೆಗಳ ಮರೆಯಲ್ಲಿರುವ ಒಂದು ಮೂಲೆ. ಆ ಮೂಲೆಯಲ್ಲಿ ದಿನಗಟ್ಟಲೆ ಯಾರ ಕಣ್ಣಿಗೂ ಬೀಳದೆ ಕೂರಬಲ್ಲಿರಾದರೆ ಹೇಸ್ಟ್ ತುಂಬಿದ ಗ್ಲಿಫ್‌ಗಳು ಅಲ್ಲೇ ಸಿದ್ಧವಾಗುತ್ತವೆ.

ಹಡಗಿನ ಡೆಕ್ ಮೇಲೆ ಬರೆದರೆ? ಹಡಗು ಚಲಿಸಿದರೆ ಗ್ಲಿಫ್ ಒಡೆಯುತ್ತದೋ ಇಲ್ಲವೋ ಎಂಬುದರ ಮೇಲೆ ಆಟಗಾರರು ಎಷ್ಟು ಬೇಕಾದರೂ ಕಿತ್ತಾಡಬಲ್ಲರು. ನಿಯಮದ ಅಕ್ಷರ ಹಿಡಿದರೆ ಒಡೆಯುತ್ತದೆ ಎಂದೇ ನನ್ನ ಅಭಿಪ್ರಾಯ. ಭೂಮಿಯೇ ತಿರುಗುತ್ತಿದೆಯಲ್ಲ ಎಂಬ ವಾದ ಜಾಣತನದ್ದು, ಆದರೆ ಅದನ್ನು ಒಪ್ಪಿದರೆ ಗಾಡಿಯ ಮೇಲೂ ಗ್ಲಿಫ್ ಒಪ್ಪಬೇಕಾಗುತ್ತದೆ, ಆಮೇಲೆ ಕಡಿವಾಣಕ್ಕೆ ಅರ್ಥವಿಲ್ಲ. ನಿಯಮ ಮುರಿಯದೆ ಇದನ್ನು ದಾಟುವ ದಾರಿ ಎಂಟನೇ ಹಂತದ ಡೆಮಿಪ್ಲೇನ್. ಯಾವುದೇ ಗೋಡೆಯ ಮೇಲೆ ಬಾಗಿಲು ತೆರೆದು, 30 ಅಡಿಯ ನಿಮ್ಮದೇ ಒಂದು ಕೋಣೆಗೆ ಹೋಗಬಹುದು. ಮುಂದಿನ ಸಲ ಬೇರೆ ಊರಿನಲ್ಲಿ ಬಾಗಿಲು ತೆರೆದರೂ ಅದೇ ಕೋಣೆ ಸಿಗುವಂತೆ ಮಾಡಬಹುದು. ಕೋಣೆ ಎಲ್ಲೂ ಸರಿಯುವುದಿಲ್ಲ, ನೀವು ಸರಿಯುತ್ತೀರಿ. ಒಳಗೆ ಹೋಗಿ ಗ್ಲಿಫ್‌ಗಳ ಮೇಲೆ ನಿಂತು, ಹೊರಗೆ ಬಂದು ಕಾಳಗಕ್ಕಿಳಿಯುವುದು. ಆದರೆ ಎಂಟನೇ ಹಂತದ ಸ್ಪೆಲ್ ಬರುವುದು 15ನೇ ಲೆವೆಲ್‌ಗೆ, ಅಷ್ಟು ದೂರ ಹೋಗುವ ಗುಂಪುಗಳು ಕಡಿಮೆ.

ಮೇಕೆ, ಸೀಸ ಮತ್ತು ಡಿಎಂ

ಗ್ಲಿಫ್‌ನ ದೊಡ್ಡ ದೌರ್ಬಲ್ಯ ಅದು ಒಂದೇ ಸಲಕ್ಕೆ ಎಂಬುದು. "ಯಾರೇ ಬಂದರೂ" ಎಂದು ಷರತ್ತು ಹಾಕಿದರೆ ಮೊದಲ ರಾತ್ರಿಯೇ ಒಂದು ಇಲಿ ನಿಮ್ಮ 200 ಚಿನ್ನ ಮುಗಿಸುತ್ತದೆ. ಚಾಲಾಕಿ ಕಳ್ಳರು ಮುಂದೆ ಒಂದು ಮೇಕೆಯನ್ನು ಅಟ್ಟುತ್ತಾರೆ. ಹಾಗಾಗಿ ಎತ್ತರ, ತೂಕ, ಜೀವಿಯ ಬಗೆ ಎಲ್ಲ ಸೇರಿಸಿ ಬಿಗಿ ಮಾಡಿ. ನಿಮ್ಮವರಿಗೆ ಸಂಕೇತದ ಮಾತು ಕೊಡಿ, ಅದನ್ನು ಹೇಳಿದವರಿಗೆ ಗ್ಲಿಫ್ ಏಳುವುದಿಲ್ಲ. ಆ ಮಾತು ಕಾವಲುಗಾರರ ಬಾಯಲ್ಲಿ ದಿನಾ ಓಡಾಡುವಂಥದ್ದಾಗಬಾರದು, ಕದ್ದು ಕೇಳಿಸಿಕೊಳ್ಳುವವರು ಇದ್ದೇ ಇರುತ್ತಾರೆ.

ಬಚ್ಚಿಡುವುದೂ ಒಂದು ಕಲೆ. ಕಣ್ಣಿಗೆ ಕಾಣದಿದ್ದರೂ, ಮಂತ್ರವನ್ನು ಪತ್ತೆ ಹಚ್ಚುವ ಡಿಟೆಕ್ಟ್ ಮ್ಯಾಜಿಕ್‌ಗೆ ಗ್ಲಿಫ್ ಹೊಳೆಯುತ್ತದೆ. ಆದರೆ ತೆಳ್ಳನೆಯ ಸೀಸದ ತಗಡು, ಒಂದು ಇಂಚು ಲೋಹ, ಒಂದು ಅಡಿ ಕಲ್ಲು ಅಥವಾ ಮೂರು ಅಡಿ ಮರ ಅಡ್ಡ ಇದ್ದರೆ ಡಿಟೆಕ್ಟ್ ಮ್ಯಾಜಿಕ್ ದಾಟುವುದಿಲ್ಲ. ಹೊರಗೆ ಸೀಸದ ತಗಡು ಹೊದಿಸಿದ ಪೆಟ್ಟಿಗೆಯ ಒಳಗೆ ಬರೆದ ಗ್ಲಿಫ್ ಮುಚ್ಚಳ ತೆಗೆಯುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ಗೊತ್ತಾದರೆ ಮೂರನೇ ಹಂತದ ಡಿಸ್ಪೆಲ್ ಮ್ಯಾಜಿಕ್ ಅದನ್ನು ದಾಳ ಉರುಳಿಸದೆಯೇ ಅಳಿಸುತ್ತದೆ. ಗ್ಲಿಫ್ ಅನ್ನು ನಾಲ್ಕನೇ ಹಂತದ ಸ್ಲಾಟ್‌ನಲ್ಲಿ ಬರೆದಿದ್ದರೆ ಅದೇ ಡಿಸ್ಪೆಲ್ ಹಾಕುವವರು ದಾಳ ಉರುಳಿಸಿ 14 ಮುಟ್ಟಬೇಕು. ಒಂದು ಹಂತ ಮೇಲಿನ ಸ್ಲಾಟ್ ಹಾಕುವುದಕ್ಕೆ ಇದೊಂದೇ ಕಾರಣ ಸಾಕು.

ಗ್ಲಿಫ್‌ನ ದೊಡ್ಡಣ್ಣಂದಿರೂ ಇದ್ದಾರೆ. ಏಳನೇ ಹಂತದ ಸಿಂಬಲ್‌ಗೆ 1000 ಚಿನ್ನ, 60 ಅಡಿ ಸುತ್ತ, ಎದ್ದ ಮೇಲೆ ಹತ್ತು ನಿಮಿಷ ಬದುಕಿರುತ್ತದೆ. ಬರೆಯಲು ಒಂದೇ ನಿಮಿಷ. ಸಂಕೇತದ ಮಾತು ಸಿಂಬಲ್ ಏಳದಂತೆ ತಡೆಯುತ್ತದೆ ಅಷ್ಟೇ, ಬೇರೆಯವರು ಎಬ್ಬಿಸಿದ ಮೇಲೆ ಒಳಗಿದ್ದರೆ ನಿಮಗೂ ತಟ್ಟುತ್ತದೆ. ಆರನೇ ಹಂತದ ಫರ್ಬಿಡೆನ್ಸ್‌ಗೂ 1000 ಚಿನ್ನದ ಮಾಣಿಕ್ಯದ ಪುಡಿ ಬೇಕು. ಆದರೆ 30 ದಿನ ಒಂದೇ ಜಾಗದಲ್ಲಿ ಬಿಡದೆ ಹಾಕಿದರೆ ಅದು ಶಾಶ್ವತ, ಪುಡಿ ಖರ್ಚಾಗುವುದು ಕೊನೆಯ ದಿನ ಮಾತ್ರ. ಆ ಜಾಗಕ್ಕೆ ಯಾರೂ ಟೆಲಿಪೋರ್ಟ್ ಆಗಿ, ಅಂದರೆ ಮಂತ್ರದಿಂದ ಬೇರೆಡೆಯಿಂದ ಒಮ್ಮೆಲೇ ಪ್ರತ್ಯಕ್ಷವಾಗಿ, ಬರಲಾಗುವುದಿಲ್ಲ. ದೊಡ್ಡ ಕೋಟೆ ಇರುವ ಗುಂಪಿಗೆ ಇದು ಗ್ಲಿಫ್‌ಗಿಂತಲೂ ಒಳ್ಳೆಯ ಹೂಡಿಕೆ.

ಡಿಎಂ ಆಗಿರುವವರಿಗೆ ಒಂದು ಮಾತು. ಖಳನಾಯಕನ ಕೈಗೆ ಗ್ಲಿಫ್ ಕೊಡುವಾಗ ಅವನೂ ದುಡ್ಡು ಕೊಟ್ಟೇ ಬರೆದಿದ್ದಾನೆ ಅನ್ನುವುದನ್ನು ಮರೆಯಬೇಡಿ. ಪ್ರತಿ ಮೆಟ್ಟಿಲಿಗೂ ಒಂದೊಂದು ಇಡುವವನು ಬೇಗ ದಿವಾಳಿಯಾಗುತ್ತಾನೆ. ಅವನಿಗೆ ಎಷ್ಟು ವಜ್ರ ಸಿಕ್ಕಿತ್ತು, ಎಷ್ಟು ದಿನ ಸಿಕ್ಕಿತ್ತು ಎಂದು ಮೊದಲು ಬರೆದಿಟ್ಟುಕೊಳ್ಳಿ, ಅಷ್ಟರಲ್ಲೇ ಜಾಗ ಹಂಚಿ. ಆಟಗಾರರಿಗೆ ಸುಳಿವು ಕೊಡಿ: ಹಳೆಯ ಗ್ಲಿಫ್ ಎದ್ದಲ್ಲಿ ಸುಟ್ಟ ಕಲೆ, ಕಲ್ಲಿನ ಸಂದಿಯಲ್ಲಿ ಮಿನುಗುವ ಪುಡಿ, ಗಾಳಿಯಾಡದ ಕೋಣೆಯಲ್ಲಿ ಉಳಿದ ಧೂಪದ ವಾಸನೆ. ಬರೆಯುವಾಗ ವಜ್ರದ ಪುಡಿಯ ಜೊತೆ ಧೂಪವೂ ಬೇಕು ಎಂದು ನಿಯಮದಲ್ಲೇ ಇದೆ. ಅದನ್ನು ಗಮನಿಸಿದ ಆಟಗಾರ ಬಾಗಿಲ ಮುಂದೆ ನಿಂತು "ಒಂದು ನಿಮಿಷ, ಯಾರೂ ಮುಂದೆ ಹೋಗಬೇಡಿ" ಅಂದರೆ ಅವರಿಗೆ ಆ ಗ್ಲಿಫ್ ಎಲ್ಲಿದೆ ಎಂದು ತೋರಿಸಿಬಿಡಿ, ಮತ್ತೆ ದಾಳ ಕೇಳಬೇಡಿ.